ಅಸಲು ಕಾಗದ ನಿಮ್ಮ ಕಪಾಟಿನಲ್ಲೇ ಇರಲಿ

ಓದುಗರ ಪ್ರಶ್ನೆ, ದಾದಿಯ ಉತ್ತರ

ವಿದೇಶದ ನರ್ಸಿಂಗ್ ಕೆಲಸದ ಬಗ್ಗೆ ಸಂಶಯಗಳಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಅಡೂರು, ಮುಳ್ಳೇರಿಯ, ಉಪ್ಪಳ, ಕುಂಬಳೆ ಎಂದು ಊರಿನ ಹೆಸರು ಓದುತ್ತಾ ಹೋದಂತೆ ಎಲ್ಲರೂ ನಮ್ಮ ನೆರೆಕರೆಯವರೇ ಎನ್ನಿಸಿತು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ತಲಪಾಡಿಯ ಗಡಿ ದಾಟಿ ಹೋಗಿ ಮಂಗಳೂರಿನಲ್ಲಿ ನರ್ಸಿಂಗ್ ಓದಿದ ಮಕ್ಕಳು ನಮ್ಮ ಊರೂರಿನಲ್ಲೂ ಇದ್ದಾರೆ. ಕೇರಳದ ಪ್ರಕಟಣೆ ಮಲಯಾಳದಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಕೇಳಿದರೆ ‘ನೀವು ಕೇರಳದವರಲ್ಲವೇ’ ಎಂಬ ಉತ್ತರ ಸಿಗುತ್ತದೆ. ಈ ಎರಡರ ನಡುವಿನ ಖಾಲಿ ಜಾಗದಲ್ಲಿ ಏಜೆಂಟ್ ಬಂದು ಕುಳಿತುಕೊಳ್ಳುತ್ತಾನೆ.

ನನ್ನ ಪರಿಚಯ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ನೀರ್ಚಾಲು ಕಡೆಯವಳು. 1996ರಲ್ಲಿ ಮಂಗಳೂರಿನಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದೆ. ಸೌದಿ ಅರೇಬಿಯದ ಅಸೀರ್ ಪ್ರಾಂತದಲ್ಲಿ ಒಂಬತ್ತು ವರ್ಷ, ಆಮೇಲೆ ಇಂಗ್ಲೆಂಡಿನಲ್ಲಿ ಏಳು ವರ್ಷ ವಾರ್ಡಿನಲ್ಲಿ ದುಡಿದು 2023ರಲ್ಲಿ ಊರಿಗೆ ಮರಳಿದ್ದೇನೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನ ಪಾಲು ನಾನು ಕೈಯಾರೆ ಮಾಡಿ ಕಲಿತದ್ದು.

ಅಕ್ಕಾ, ಜಿಎನ್‌ಎಂ ಮುಗಿಸಿ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕುವೈತಿನಲ್ಲಿ ಸ್ಟಾಫ್ ನರ್ಸ್ ಕೆಲಸ ಇದೆ, ಒಟ್ಟು ಆರು ಲಕ್ಷ ಆಗುತ್ತದೆ ಎಂದು ಒಬ್ಬ ಏಜೆಂಟ್ ಹೇಳುತ್ತಾರೆ. ಮೂರು ಲಕ್ಷ ಮುಂಗಡ ಕೊಡಬೇಕು, ಅಸಲು ಸರ್ಟಿಫಿಕೇಟುಗಳನ್ನು ಈಗಲೇ ಒಪ್ಪಿಸಬೇಕು ಅಂತೆ. ಅಪ್ಪ ತೋಟದ ಮೇಲೆ ಸಾಲ ತೆಗೆಯಲು ಬ್ಯಾಂಕಿಗೆ ಹೋಗಿ ಬಂದಿದ್ದಾರೆ. ಏನು ಮಾಡಲಿ?
– ಓದುಗಿ, ಪೆರ್ಲ

ತಂಗಿ, ಅಪ್ಪನನ್ನು ಮೊದಲು ತಡೆಯಿರಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ ವಿದೇಶಕ್ಕೆ ಜನರನ್ನು ಕಳುಹಿಸುವ ಏಜೆಂಟ್ 1983ರ ವಲಸೆ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಂಡಿರಬೇಕು. ಅಂಥ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿದರೆ 35,400 ಆಗುತ್ತದೆ, ಅದಕ್ಕೂ ರಸೀದಿ ಕೊಡಬೇಕು. ಆರು ಲಕ್ಷ ಎಂಬ ಮಾತು ಬಾಯಿಂದ ಹೊರಟ ಕ್ಷಣದಲ್ಲೇ ಆ ಮನುಷ್ಯ ಕಾನೂನಿನ ಆಚೆ ನಿಂತಿದ್ದಾನೆ ಎಂದು ತಿಳಿದುಕೊಳ್ಳಿ. ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರ ಪರವಾನಗಿ ಸಂಖ್ಯೆ ಕೇಳಿ, ಆ ಪಟ್ಟಿಯಲ್ಲಿ ಹುಡುಕಿ. ಸಂಖ್ಯೆ ಕೇಳಿದ್ದಕ್ಕೆ ಸಿಟ್ಟಾದರೆ ನಿಮಗೆ ಉತ್ತರ ಸಿಕ್ಕಿದಂತೆಯೇ.

ಕುವೈತಿನ ಹೆಸರು ಕೇಳಿದಾಗಲೆಲ್ಲ ನನಗೆ 2015ರ ಕೊಚ್ಚಿಯ ಪ್ರಕರಣ ನೆನಪಾಗುತ್ತದೆ. ಅಲ್ಲಿನ ಒಂದು ಏಜೆನ್ಸಿ ಕುವೈತಿನ ಆರೋಗ್ಯ ಇಲಾಖೆಯ ಕೆಲಸಕ್ಕೆ ಪ್ರತಿ ನರ್ಸಿನಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಿತ್ತು. ಅದು ವಸೂಲಿ ಮಾಡಿದ್ದು ಸುಮಾರು ಹತ್ತೊಂಬತ್ತೂವರೆ ಲಕ್ಷ. ಸಿಬಿಐ ತನಿಖೆಗೆ ಬಂದಾಗಲೇ ಊರಿಗೆಲ್ಲ ಗೊತ್ತಾದದ್ದು. ಅದೇ ವರ್ಷ ಕೇಂದ್ರ ಸರಕಾರ ಹೊಸ ನಿಯಮ ತಂದಿತು: ಕುವೈತ್, ಸೌದಿ, ಯುಎಇ, ಕತಾರ್, ಒಮಾನ್ ಮುಂತಾದ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಪಾಸ್‌ಪೋರ್ಟ್ ಯಾವ ಬಗೆಯದ್ದೇ ಆಗಿರಲಿ, ವಲಸೆ ಅನುಮತಿ ಕಡ್ಡಾಯ. ನೇಮಕಾತಿಯನ್ನು ಸರಕಾರಿ ಸಂಸ್ಥೆಗಳಿಗೆ ವಹಿಸಲಾಯಿತು. ಕೇರಳದಲ್ಲಿ ಆ ಕೆಲಸ ಮಾಡುವವು ನೋರ್ಕಾ ರೂಟ್ಸ್ ಮತ್ತು ಒಡೆಪೆಕ್. ಒಡೆಪೆಕ್ 1977ರಿಂದ ಇದೆ, ನಾನು ಸೌದಿಗೆ ಹೋದದ್ದು ಅದರ ಮೂಲಕ. ನಿಮ್ಮ ಮನೆ ಕೇರಳದಲ್ಲಿದೆ, ಓದಿದ್ದು ಕರ್ನಾಟಕದಲ್ಲಿ ಎಂಬುದು ಅಲ್ಲಿ ಅಡ್ಡಿಯಾಗುವುದಿಲ್ಲ. ಎರಡೂ ಕಡೆ ಹೆಸರು ನೋಂದಾಯಿಸಿಕೊಳ್ಳಿ.

ಇನ್ನು ಅಸಲು ಸರ್ಟಿಫಿಕೇಟಿನ ಮಾತು. ಇದನ್ನು ಬರೆಯುವಾಗ ನನ್ನ ಕೈ ಈಗಲೂ ಬಿಗಿಯಾಗುತ್ತದೆ. 1996ರಲ್ಲಿ ನಾನು ಸೇರಿದ ಮೊದಲ ಆಸ್ಪತ್ರೆಯಲ್ಲಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಅಂಕಪಟ್ಟಿಗಳು, ಡಿಪ್ಲೊಮಾ, ಕೌನ್ಸಿಲ್ ನೋಂದಣಿ, ಎಲ್ಲವನ್ನೂ ಇಟ್ಟುಕೊಂಡರು. ಮೇಟ್ರನ್ ಕೋಣೆಯಲ್ಲಿ ಒಂದು ಬೂದು ಬಣ್ಣದ ಸ್ಟೀಲ್ ಕಪಾಟು. ಅದರ ಮೂರನೆಯ ಅರೆಯಲ್ಲಿ ನಮ್ಮೆಲ್ಲರ ಖಾಕಿ ಲಕೋಟೆಗಳು ನಿಲ್ಲಿಸಿದ ಪುಸ್ತಕಗಳ ಹಾಗೆ ಸಾಲಾಗಿದ್ದವು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೆಸರು. ದಿನಾ ರಿಪೋರ್ಟ್ ಕೊಡಲು ಹೋದಾಗ ನನ್ನ ಹೆಸರು ನನಗೆ ಕಾಣುತ್ತಿತ್ತು. ಬೀಗದ ಕೈ ಅವರ ಸೊಂಟದಲ್ಲಿ. ಬಾಂಡ್ ಮುಗಿದ ಮೇಲೆ ಒಂದು ದಿನ ಸೌದಿಯ ಸಂದರ್ಶನಕ್ಕೆ ಕರೆ ಬಂತು, ಕೊಚ್ಚಿಯಲ್ಲಿ, ಅಸಲು ತರಬೇಕು ಎಂದು. ಬೇಡಿಕೊಂಡೆ, ಕಣ್ಣೀರಿಟ್ಟೆ. ‘ಆಡಳಿತದವರು ರಜೆಯಲ್ಲಿದ್ದಾರೆ’ ಎಂದರು. ಸಂದರ್ಶನದ ದಿನ ನಾನು ಅದೇ ವಾರ್ಡಿನಲ್ಲಿ ಬೆಳಗಿನ ಡ್ಯೂಟಿ ಮಾಡಿದೆ. ಮುಂದಿನ ಅವಕಾಶಕ್ಕೆ ಹನ್ನೊಂದು ತಿಂಗಳು ಕಾಯಬೇಕಾಯಿತು.

ಆದ್ದರಿಂದ ಹೇಳುತ್ತೇನೆ: ನೋಡಬೇಕು ಎಂದವರಿಗೆ ಅಸಲನ್ನು ಎದುರಿಗೆ ತೋರಿಸಿ, ಅಲ್ಲೇ ಹಿಂದಕ್ಕೆ ಪಡೆಯಿರಿ. ಇಟ್ಟುಕೊಳ್ಳಲು ದೃಢೀಕರಿಸಿದ ನಕಲು ಸಾಕು. ಅಟೆಸ್ಟೇಶನ್‌ಗೆ, ಅಂದರೆ ಸರಕಾರಿ ದೃಢೀಕರಣಕ್ಕೆ, ಕೊಡುವಾಗಲೂ ಸ್ವೀಕೃತಿ ಚೀಟಿ ಪಡೆದೇ ಕೊಡಬೇಕು.

ಇನ್ನೊಂದು ಅಪಾಯ ನಿಮ್ಮ ಪತ್ರದಲ್ಲಿಲ್ಲ, ಆದರೆ ಬರುತ್ತದೆ. ‘ಎರಡೂವರೆ ವರ್ಷ ಸಾಲದು, ಐದು ವರ್ಷದ ಅನುಭವ ಪತ್ರ ನಾವೇ ಮಾಡಿಕೊಡುತ್ತೇವೆ’ ಎಂದು ಏಜೆಂಟ್ ಹೇಳಿದರೆ ಎದ್ದು ಬನ್ನಿ. ಕೊಲ್ಲಿ ದೇಶಗಳಿಗೆ ಹೋಗುವವರ ಕಾಗದಗಳನ್ನು ಡೇಟಾಫ್ಲೋ ಎಂಬ ಸಂಸ್ಥೆ ಮೂಲದಲ್ಲೇ ಪರಿಶೀಲಿಸುತ್ತದೆ. ನಿಮ್ಮ ಕಾಲೇಜಿಗೆ, ನರ್ಸಿಂಗ್ ಕೌನ್ಸಿಲಿಗೆ, ನೀವು ದುಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತದೆ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಆ ವರದಿ ನಿಮ್ಮ ಹೆಸರಿನ ಹಿಂದೆ ಉಳಿಯುತ್ತದೆ, ಏಜೆಂಟನ ಹೆಸರಿನ ಹಿಂದೆ ಅಲ್ಲ. ಆದ್ದರಿಂದ ಈಗಿನ ಆಸ್ಪತ್ರೆ ಬಿಡುವ ಮೊದಲೇ ಸೇರಿದ ದಿನ, ಬಿಟ್ಟ ದಿನ, ಕೆಲಸ ಮಾಡಿದ ವಿಭಾಗ, ಹುದ್ದೆ ಎಲ್ಲವೂ ಇರುವ ಪತ್ರ ಪಡೆದುಕೊಳ್ಳಿ. ನೇಮಕಾತಿ ಪತ್ರ, ವೇತನ ಚೀಟಿಗಳನ್ನೂ ಜೊತೆಗಿಡಿ. ದಿನಾಂಕ ಒಂದಕ್ಕೊಂದು ತಾಳೆಯಾಗಬೇಕು.

ಸಿಸ್ಟರ್, ಬಿಎಸ್‌ಸಿ ನರ್ಸಿಂಗ್ ಮುಗಿಸಿ ಮೂರು ವರ್ಷವಾಯಿತು, ಐಸಿಯುನಲ್ಲಿದ್ದೇನೆ. ಇಂಗ್ಲೆಂಡಿಗೆ ಹೋಗುವ ಆಸೆ. ಆದರೆ ಹತ್ತರ ವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತನಾಡಲು ನಿಂತರೆ ಗಂಟಲು ಕಟ್ಟುತ್ತದೆ. ಕನ್ನಡ ಮಾಧ್ಯಮದವರಿಗೆ ಇದು ಆಗುವ ಕೆಲಸವೇ?
– ಓದುಗಿ, ಮುಳ್ಳೇರಿಯ

ಆಗುವ ಕೆಲಸ. ನಿಮ್ಮ ಪತ್ರದ ಕನ್ನಡ ಓದಿ ಇನ್ನಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ. ಒಂದು ಭಾಷೆಯನ್ನು ಹೀಗೆ ತಪ್ಪಿಲ್ಲದೆ ಬರೆಯಬಲ್ಲವರಿಗೆ ಇನ್ನೊಂದರ ವಾಕ್ಯ ಹಿಡಿಯುವುದು ಅಭ್ಯಾಸದ ಮಾತು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿ ನೋಂದಣಿ ಕೊಡುವುದು ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿ. ಅದು ಎರಡು ಇಂಗ್ಲಿಷ್ ಪರೀಕ್ಷೆಗಳನ್ನು ಒಪ್ಪುತ್ತದೆ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲಿ 7, ಬರವಣಿಗೆಯಲ್ಲಿ 6.5 ಬೇಕು. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿಯಲ್ಲಿ ಆ ಮೂರಕ್ಕೆ ‘ಬಿ’ ದರ್ಜೆ, ಬರವಣಿಗೆಗೆ ‘ಸಿ ಪ್ಲಸ್’ ಸಾಕು. ನನ್ನ ಕಾಲದಲ್ಲಿ ಒಇಟಿಯನ್ನು ಅವರು ಒಪ್ಪುತ್ತಿರಲಿಲ್ಲ, ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 7 ಬೇಕಿತ್ತು. ಬರವಣಿಗೆಯಲ್ಲಿ 6.5 ಬಂದು ಎರಡು ಸಲ ನಿಂತೆ, ಮೂರನೆಯ ಸಲ ದಾಟಿದೆ. ಜಾಗತಿಕ ತಾಪಮಾನ, ನಗರದ ಸಂಚಾರ ಎಂಬಂಥ ವಿಷಯಗಳ ಮೇಲೆ ಪ್ರಬಂಧ ಬರೆಯುವುದೇ ನನಗೆ ಕಷ್ಟವಾಗಿತ್ತು.

ನಿಮಗೆ ಒಇಟಿಯೇ ಸರಿ. ಅಲ್ಲಿ ಬರೆಯಬೇಕಾದದ್ದು ಒಂದು ಪತ್ರ. ರೋಗಿಯ ಟಿಪ್ಪಣಿಗಳನ್ನು ಕೊಡುತ್ತಾರೆ, ಐದು ನಿಮಿಷ ಓದಬೇಕು, ನಲವತ್ತು ನಿಮಿಷದಲ್ಲಿ ಸುಮಾರು 180ರಿಂದ 200 ಪದಗಳಲ್ಲಿ ಆ ರೋಗಿಯನ್ನು ಇನ್ನೊಬ್ಬ ನರ್ಸಿಗೋ ವೈದ್ಯರಿಗೋ ಒಪ್ಪಿಸುವ ಪತ್ರ ಬರೆಯಬೇಕು. ಐಸಿಯುನಲ್ಲಿರುವ ನೀವು ಪ್ರತಿ ಶಿಫ್ಟಿನ ಕೊನೆಗೆ ಮಾಡುವುದೂ ಇದನ್ನೇ. ಮಾತಿನ ಪರೀಕ್ಷೆಯೂ ಹಾಗೆಯೇ: ಐದೈದು ನಿಮಿಷದ ಎರಡು ಸನ್ನಿವೇಶ. ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ಅವರ ಮನೆಯವರು. ಇನ್ಸುಲಿನ್ ಚುಚ್ಚಿಕೊಳ್ಳಲು ಹೆದರುವ ಅಜ್ಜಿಗೆ ಹೇಳಿಕೊಡಿ ಎನ್ನಬಹುದು. ಆ ಅಜ್ಜಿಗೆ ನೀವು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ನೂರು ಸಲ ಹೇಳಿದ್ದೀರಿ. ಮೂರು ಭಾಷೆಯಲ್ಲಿ ರೋಗಿಯನ್ನು ಸಂತೈಸುವ ನರ್ಸ್ ಬೇರೆ ಎಷ್ಟು ಕಡೆ ಸಿಗುತ್ತಾರೆ? ನಾಲ್ಕನೆಯದನ್ನು ಸೇರಿಸಿಕೊಳ್ಳುವುದಷ್ಟೇ ಉಳಿದಿದೆ.

ನಾನು ಮಾಡಿದ ಅಭ್ಯಾಸ ಹೇಳುತ್ತೇನೆ. ಒಂದು ಇನ್ನೂರು ಪುಟದ ಪುಸ್ತಕ ಇಟ್ಟುಕೊಂಡೆ. ನೈಟ್ ಡ್ಯೂಟಿ ಮುಗಿದು ಬಸ್ಸಿನಲ್ಲಿ ಬರುವಾಗ ಆ ರಾತ್ರಿಯ ಒಬ್ಬ ರೋಗಿಯ ಬಗ್ಗೆ, ಹೆಸರು ಬರೆಯದೆ, ಹತ್ತು ಸಾಲು ಇಂಗ್ಲಿಷ್ ಬರೆಯುವುದು. ಹೊಸಂಗಡಿ ದಾಟುವ ಮೊದಲು ಮುಗಿಯಬೇಕು ಎಂದು ನಿಯಮ. ಮನೆಗೆ ಬಂದು ಅದೇ ಹತ್ತು ಸಾಲನ್ನು ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಾ ಗಟ್ಟಿಯಾಗಿ ಹೇಳುತ್ತಿದ್ದೆ. ಎಂಟು ತಿಂಗಳಲ್ಲಿ ಪುಸ್ತಕ ತುಂಬಿತು, ಗಂಟಲು ಬಿಟ್ಟಿತು.

ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷದ ಆಯುಸ್ಸು. ಇದರ ಜೊತೆಗೆ ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಜ್ಞಾನದ ಪರೀಕ್ಷೆ ಸಿಬಿಟಿ ಇದೆ, ಶುಲ್ಕ 83 ಪೌಂಡ್, ನಮ್ಮ ದೇಶದಲ್ಲೇ ಬರೆಯಬಹುದು. ಕೊನೆಯದು ಓಸ್ಕಿ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ಅದಕ್ಕೆ ಬ್ರಿಟನ್ನಿಗೇ ಹೋಗಬೇಕು, ಶುಲ್ಕ 794 ಪೌಂಡ್. ಈಗ ಅದರಲ್ಲಿ ಹತ್ತು ಹಂತಗಳಿವೆ. ನಾನು ಬರೆದಾಗ ಆರಿದ್ದವು, ಮೊದಲ ಸಲ ಔಷಧಿ ಕೊಡುವ ಹಂತದಲ್ಲಿ ಅನುತ್ತೀರ್ಣಳಾದೆ. ಇಪ್ಪತ್ತು ವರ್ಷ ಔಷಧಿ ಕೊಟ್ಟವಳು! ಕಾರಣ ಇಷ್ಟೇ: ಅಲರ್ಜಿಯ ವಿವರವನ್ನು ಚಾರ್ಟಿನಲ್ಲಿ ಕಣ್ಣಾಡಿಸಿ ನೋಡಿದೆ, ಬಾಯಿಬಿಟ್ಟು ರೋಗಿಯನ್ನು ಕೇಳಲಿಲ್ಲ. ಅಲ್ಲಿ ಪ್ರತಿಯೊಂದನ್ನೂ ಕೇಳಬೇಕು, ಹೇಳಬೇಕು: ಹೆಸರೇನು, ಹುಟ್ಟಿದ ದಿನ ಯಾವುದು, ಕೈಪಟ್ಟಿ ತೋರಿಸಿ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ. ನಾವು ಇಲ್ಲಿ ‘ಅಜ್ಜಾ’ ಎಂದು ಕರೆದು ಹೆಗಲಿಗೆ ಕೈಯಿಟ್ಟು ಕೆಲಸ ಶುರು ಮಾಡುತ್ತೇವೆ. ಅಲ್ಲಿ ‘ನಿಮ್ಮನ್ನು ಹೇಗೆ ಕರೆಯಬೇಕು’ ಎಂದು ಮೊದಲು ಕೇಳಿ, ಮುಟ್ಟುವ ಮುನ್ನ ಒಪ್ಪಿಗೆ ಪಡೆಯಬೇಕು. ಮೂರು ವಾರ ಬಿಟ್ಟು ಮತ್ತೆ ಹೋದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ, ಆಯಿತು. ನೀವು ಇವತ್ತಿನಿಂದಲೇ ನಿಮ್ಮ ಐಸಿಯುನಲ್ಲಿ ಹೀಗೆ ಬಾಯಲ್ಲಿ ಹೇಳುತ್ತಾ ಕೆಲಸ ಮಾಡಿ ನೋಡಿ. ರೋಗಿಗೂ ಒಳ್ಳೆಯದು.

ಸಂಬಳದ ವಿಷಯ. ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸಿಗೆ ಬ್ಯಾಂಡ್ 5 ಎಂಬ ವೇತನ ಶ್ರೇಣಿ. 2025–26ರಲ್ಲಿ ಇಂಗ್ಲೆಂಡಿನಲ್ಲಿ ಅದರ ಆರಂಭ ವರ್ಷಕ್ಕೆ 31,049 ಪೌಂಡ್ ಇತ್ತು. ತೆರಿಗೆ, ವಿಮೆ, ಪಿಂಚಣಿ ಕಳೆದು ಕೈಗೆ ಬರುವುದು ತಿಂಗಳಿಗೆ ಎರಡು ಸಾವಿರ ಪೌಂಡಿನ ಆಸುಪಾಸು, ಅದರಲ್ಲೇ ಬಾಡಿಗೆ. ರೂಪಾಯಿಗೆ ಗುಣಿಸಿ ಕನಸು ಕಾಣುವ ಮೊದಲು ಬಾಡಿಗೆ ವಿಚಾರಿಸಿ.

ಮುಚ್ಚಿಡದೆ ಹೇಳಬೇಕಾದ ಮಾತೂ ಇದೆ. ನಾನು ಹೋದ ಕಾಲದ ಬಾಗಿಲು ಈಗ ಅಷ್ಟು ಅಗಲವಾಗಿ ತೆರೆದಿಲ್ಲ. ಅಲ್ಲಿನ ಆಸ್ಪತ್ರೆಗಳು ಇತ್ತೀಚೆಗೆ ವಿದೇಶಿ ನೇಮಕಾತಿಯನ್ನು ಬಹಳ ಕಡಿಮೆ ಮಾಡಿವೆ. ಕೇರ್ ವರ್ಕರ್ (ವೃದ್ಧರ, ಅಶಕ್ತರ ಆರೈಕೆ) ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ವೀಸಾ ಕೊಡುವುದನ್ನು 2025ರ ಜುಲೈ 22ರಿಂದ ನಿಲ್ಲಿಸಿದ್ದಾರೆ. ಆದರೂ ‘ಮೊದಲು ಕೇರ್ ವೀಸಾದಲ್ಲಿ ಹೋಗಿ, ಆಮೇಲೆ ನರ್ಸ್ ಆಗಿ’ ಎಂದು ಹದಿನೈದು ಲಕ್ಷ ಕೇಳುವವರು ನಿಮ್ಮ ಬಳಿಗೂ ಬರಬಹುದು. ನಂಬಬೇಡಿ. ಬ್ರಿಟನ್ನಿನ ಕಾನೂನಿನಲ್ಲಿ ಕೆಲಸ ಹುಡುಕಿಕೊಟ್ಟದ್ದಕ್ಕೆ ಏಜೆನ್ಸಿ ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ವೇಲ್ಸ್ ಸರಕಾರ 2024ರ ಮಾರ್ಚಿನಲ್ಲಿ ಕೇರಳ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದೆ, ಆ ನೇಮಕಾತಿ ನೋರ್ಕಾ ಮೂಲಕವೇ. ನಿಮ್ಮ ಒಇಟಿ ಫಲಿತಾಂಶ ಐರ್ಲೆಂಡಿಗೂ ನಡೆಯುತ್ತದೆ. ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಬಿಐ ನಿಮ್ಮ ಓದನ್ನು ತೂಗಿ ನೋಡಿ ಒಂದು ನಿರ್ಣಯ ಪತ್ರ ಕೊಡುತ್ತದೆ. ಆ ಪತ್ರ ಸಿಕ್ಕಿದ ಮೇಲೆ ಅಲ್ಲಿಗೆ ಹೋಗಿ ಆಸ್ಪತ್ರೆಯಲ್ಲೇ ಹೊಂದಾಣಿಕೆಯ ತರಬೇತಿ ಮುಗಿಸಬೇಕು ಅಥವಾ ಸಾಮರ್ಥ್ಯ ಪರೀಕ್ಷೆ ಬರೆಯಬೇಕು. ಒಂದೇ ದೇಶವನ್ನು ನೆಚ್ಚಿ ಕುಳಿತುಕೊಳ್ಳಬೇಡಿ. ಇಂಗ್ಲಿಷ್ ಪರೀಕ್ಷೆಯನ್ನು ಮಾತ್ರ ಬರೆದುಬಿಡಿ.

ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ನನ್ನ ಹೆಸರಿನ ಕೊನೆಗೆ ‘ಬಿ’ ಎಂಬ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ಕರ್ನಾಟಕದ ಕೌನ್ಸಿಲ್ ನೋಂದಣಿಯಲ್ಲಿ ‘ಬಿ’ ಮುಂದೆ ಬಂದಿದೆ. ತೊಂದರೆಯಾಗುತ್ತದೆಯೇ? ಅಟೆಸ್ಟೇಶನ್ ಎಲ್ಲಿ ಮಾಡಿಸಬೇಕು?
– ಓದುಗಿ, ಉಪ್ಪಳ

ತೊಂದರೆಯಾಗುತ್ತದೆ, ಆದರೆ ಸರಿಪಡಿಸಬಹುದು. ನಮ್ಮ ಕಡೆಯ ಹೆಸರಿನ ಪದ್ಧತಿ ಹೊರದೇಶದ ಗುಮಾಸ್ತರಿಗೆ ಅರ್ಥವಾಗುವುದಿಲ್ಲ. ಅಸೀರ್‌ನಲ್ಲಿ ಒಬ್ಬಳು ಸಹೋದ್ಯೋಗಿಯ ಕಡತ ಇಂಥದೇ ಒಂದು ಅಕ್ಷರಕ್ಕಾಗಿ ನಾಲ್ಕು ತಿಂಗಳು ಮೇಜಿನ ಮೇಲೆ ಬಿದ್ದಿತ್ತು. ಪಾಸ್‌ಪೋರ್ಟಿನ ಹೆಸರನ್ನು ಆಧಾರವಾಗಿ ಇಟ್ಟುಕೊಳ್ಳಿ. ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ತಿದ್ದಲು ಅರ್ಜಿ ಕೊಡಿ, ಮುಂದಿನ ಎಲ್ಲ ಪತ್ರವ್ಯವಹಾರ ಅಲ್ಲಿಂದಲೇ ಹೋಗುವುದರಿಂದ ಅದು ಮೊದಲು ಸರಿಯಾಗಬೇಕು. ಎಸ್‌ಎಸ್‌ಎಲ್‌ಸಿ ಹೆಸರಿಗೆ ವಿಲೇಜ್ ಆಫೀಸಿನಿಂದ ‘ಇಬ್ಬರೂ ಒಬ್ಬರೇ’ ಎಂಬ ಪ್ರಮಾಣಪತ್ರ ಸಿಗುತ್ತದೆ. ನೋಟರಿಯ ಅಫಿಡವಿಟ್ ಕೂಡ ಮಾಡಿಸಿಡಿ.

ಅಟೆಸ್ಟೇಶನ್ ವಿಷಯದಲ್ಲಿ ನಮ್ಮವರು ತಪ್ಪುವುದು ಇಲ್ಲಿ. ಕಾಗದ ಯಾವ ರಾಜ್ಯದಲ್ಲಿ ಹುಟ್ಟಿತೋ ಆ ರಾಜ್ಯದ ದೃಢೀಕರಣವೇ ಬೇಕು. ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಕೇರಳದ್ದು, ಅದಕ್ಕೆ ನೋರ್ಕಾ. ನರ್ಸಿಂಗ್ ಅಂಕಪಟ್ಟಿ, ಪದವಿ ಕರ್ನಾಟಕದ್ದು, ಅದಕ್ಕೆ ಬೆಂಗಳೂರು. ಎರಡನ್ನೂ ಒಂದೇ ಕಡೆ ತೆಗೆದುಕೊಂಡು ಹೋಗಿ ಅರ್ಧ ಹಿಂದಕ್ಕೆ ತಂದವರನ್ನು ಕಂಡಿದ್ದೇನೆ. ಆಮೇಲೆ ಕೇಂದ್ರ ವಿದೇಶಾಂಗ ಸಚಿವಾಲಯದ್ದು. ಆ ಸಚಿವಾಲಯ ಹಾಕುವ ಅಪೊಸ್ಟಿಲ್ ಮುದ್ರೆಯನ್ನೇ ಸೌದಿ 2022ರ ಡಿಸೆಂಬರಿನಿಂದ ಒಪ್ಪುತ್ತದೆ. ಯುಎಇ, ಕುವೈತ್, ಕತಾರ್‌ಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಸಹೋದರಿಯವರೇ, ಮಗಳು ಬಿಎಸ್‌ಸಿ ನರ್ಸಿಂಗ್ ಮುಗಿಸಿ ಒಂದು ವರ್ಷ ಆಯಿತು. ಮೂರು ತಿಂಗಳಲ್ಲಿ ಜರ್ಮನ್ ಕಲಿಸಿ ಅಲ್ಲಿಗೆ ಕಳುಹಿಸುತ್ತೇವೆ, ಐದು ಲಕ್ಷ ಕೊಡಿ ಎಂದು ಒಂದು ಸಂಸ್ಥೆಯವರು ಮನೆಗೇ ಬಂದಿದ್ದರು. ಕೊಡಬಹುದೇ?
– ಒಬ್ಬ ತಂದೆ, ಅಡೂರು

ಕೊಡಬೇಡಿ ಅಣ್ಣ. ಜರ್ಮನಿಗೆ ನರ್ಸ್‌ಗಳು ಬೇಕಾಗಿದ್ದಾರೆ, ಅದು ನಿಜ. ಅದಕ್ಕಾಗಿಯೇ ಅಲ್ಲಿನ ಫೆಡರಲ್ ಉದ್ಯೋಗ ಸಂಸ್ಥೆಯೂ ನೋರ್ಕಾವೂ 2021ರ ಡಿಸೆಂಬರಿನಲ್ಲಿ ‘ಟ್ರಿಪಲ್ ವಿನ್’ ಎಂಬ ಯೋಜನೆಗೆ ಸಹಿ ಹಾಕಿದವು. ಆಯ್ಕೆಯಾದವರಿಗೆ ಬಿ1 (ದಿನನಿತ್ಯದ ಮಾತಿಗೆ ಸಾಕಾಗುವ) ಹಂತದ ವರೆಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸುತ್ತಾರೆ. ಉಚಿತವಾಗಿ ಸಿಗುವ ದಾರಿ ಇರುವಾಗ ಐದು ಲಕ್ಷ ಏಕೆ?

ಮೂರು ತಿಂಗಳ ಮಾತಂತೂ ಆಗದ ಮಾತು. ಶೂನ್ಯದಿಂದ ಬಿ1 ತಲುಪಲು ದಿನಪೂರ್ತಿ ಕುಳಿತು ಕಲಿತರೂ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಅಲ್ಲಿಗೆ ಹೋದ ಮೇಲೆ ಅದರ ಮುಂದಿನ ಹಂತ ಬಿ2. ನಮ್ಮ ಪದವಿಗೆ ಅಲ್ಲಿನ ಮಾನ್ಯತೆ ಸಿಗುವ ತನಕ ಸಹಾಯಕಿಯಾಗಿ ಕೆಲಸ. ಆ ಹೊತ್ತಿನಲ್ಲಿ ಹಿರಿಯರನ್ನು ಮೀಯಿಸುವುದು, ಉಣ್ಣಿಸುವುದು, ಹಾಸಿಗೆ ಮಾಡುವುದು ಎಲ್ಲ ನರ್ಸಿನ ಕೆಲಸವೇ, ಅಲ್ಲಿ ಅದಕ್ಕೆ ಬೇರೆ ಆಯಾ ಇರುವುದಿಲ್ಲ. ಮಗಳಿಗೆ ಇದು ಮೊದಲೇ ಗೊತ್ತಿರಲಿ. ಗೊತ್ತಿಲ್ಲದೆ ಹೋಗಿ ‘ನಾನು ಬಿಎಸ್‌ಸಿ ಓದಿದ್ದು ಇದಕ್ಕಾ’ ಎಂದು ರಾತ್ರಿ ಅಳುವ ಮಕ್ಕಳ ಫೋನ್ ನನಗೆ ಬರುತ್ತದೆ.

ನಿಮ್ಮ ಪತ್ರದಲ್ಲಿ ಮಗಳ ಮಾತು ಒಂದೂ ಇಲ್ಲ. ಅವಳನ್ನು ಕೂರಿಸಿ ಕೇಳಿ. ಹೋಗಬೇಕು ಎಂದರೆ ವಿದ್ಯಾನಗರದ ಕಲೆಕ್ಟರೇಟಿನಲ್ಲಿರುವ ನೋರ್ಕಾ ಘಟಕಕ್ಕೆ ಅವಳನ್ನೇ ಕಳುಹಿಸಿ, ಅವಳೇ ವಿಚಾರಿಸಲಿ. ಮಲಯಾಳ ಬರುವುದಿಲ್ಲ ಎಂದು ಹಿಂಜರಿಯುವುದು ಬೇಡ. ಭಾಷಾ ಅಲ್ಪಸಂಖ್ಯಾತರಾದ ನಾವು ನಮ್ಮ ಪ್ರದೇಶದಲ್ಲಿ ರಾಜ್ಯ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು ಎಂದು ಕೇರಳದ ಅಧಿಕೃತ ಭಾಷಾ ಕಾನೂನೇ ಹೇಳುತ್ತದೆ. ನೇಮಕಾತಿ ಪ್ರಕಟಣೆಗಳು ಕನ್ನಡದಲ್ಲೂ ಬರಬೇಕು ಎಂದು ನಾನು ಎರಡು ಸಲ ಬರೆದಿದ್ದೇನೆ. ನೀವೂ ಒಂದು ಕಾರ್ಡು ಬರೆಯಿರಿ. ನೂರು ಜನ ಬರೆದರೆ ಯಾರಾದರೂ ಓದುತ್ತಾರೆ.

ಗಂಡಸರಿಗೂ ಅವಕಾಶ ಇದೆಯೇ ಅಕ್ಕ? ದುಬೈಯ ಒಂದು ಕ್ಲಿನಿಕ್ಕಿನವರು 5,000 ದಿರ್ಹಮ್ ಎಂದಿದ್ದಾರೆ, ಕರಾರಿನಲ್ಲಿ ಮೂಲವೇತನ 1,500, ಉಳಿದದ್ದು ಭತ್ಯೆ. ವಿಸಿಟ್ ವೀಸಾದಲ್ಲಿ ಬನ್ನಿ ಎನ್ನುತ್ತಾರೆ.
– ಓದುಗ, ಕುಂಬಳೆ

ಇದೆ ತಮ್ಮ. ಸೌದಿ ಆರೋಗ್ಯ ಇಲಾಖೆಯ ಪ್ರಕಟಣೆಗಳು ಹೆಚ್ಚಾಗಿ ಹೆಂಗಸರಿಗೆ. ಯುರೋಪಿನಲ್ಲಿ ಈ ಭೇದವಿಲ್ಲ. ಯುಎಇ, ಕತಾರ್‌ಗಳಲ್ಲಿ ತೈಲ ಕಂಪೆನಿಗಳ ಕ್ಯಾಂಪು, ಆಂಬುಲೆನ್ಸ್‌ಗಳಿಗೆ ಗಂಡಸರನ್ನೇ ಕೇಳುತ್ತಾರೆ.

ಮೂಲವೇತನ ಕಡಿಮೆ ಬರೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲವೇತನದ ಮೇಲೆ: ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ವೇತನ. 1,500 ಎಂದರೆ ದಿನಕ್ಕೆ 50, ವರ್ಷಕ್ಕೆ 1,050, ಐದು ವರ್ಷ ದುಡಿದರೆ 5,250 ದಿರ್ಹಮ್. ಮೂಲವೇತನ 3,000 ಆಗಿದ್ದರೆ ಇದು 10,500 ಆಗುತ್ತಿತ್ತು. ಸಹಿ ಹಾಕುವ ಮೊದಲು ಮಾತನಾಡಿ ಏರಿಸಿಕೊಳ್ಳಿ.

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ. ದುಬೈಗೆ ಬೇಕಾದ ಡಿಎಚ್‌ಎ (ಅಲ್ಲಿನ ಆರೋಗ್ಯ ಪ್ರಾಧಿಕಾರ) ಪರೀಕ್ಷೆಯನ್ನು ಇಲ್ಲಿಂದಲೇ ಬರೆಯಬಹುದು. ಪಾಸಾಗಿ ಡೇಟಾಫ್ಲೋ ಮುಗಿದರೆ ಅರ್ಹತಾ ಪತ್ರ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಉದ್ಯೋಗ ವೀಸಾ ಕೇಳಿ. ವಲಸೆ ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆಯೂ ಬರುತ್ತದೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ವಿಸಿಟ್ ವೀಸಾದವನಿಗೆ ಇದು ಯಾವುದೂ ಇಲ್ಲ.

ನನಗೆ 37 ವರ್ಷ. ಮಕ್ಕಳಾದ ಮೇಲೆ ಕೆಲಸ ಬಿಟ್ಟು ಆರು ವರ್ಷವಾಯಿತು. ಚಿಕ್ಕವನಿಗೆ ಎರಡು ವರ್ಷ. ಮನೆಯ ಸಾಲ ಇದೆ. ಇನ್ನು ನನಗೆ ವಿದೇಶ ಎಂಬುದು ಮುಗಿಯಿತೇ ಅಕ್ಕ? ನನ್ನ ಕಾಗದಗಳನ್ನು ನೋಡಿ ಹೇಳಿ.
– ಓದುಗಿ, ಬದಿಯಡ್ಕ

ಮುಗಿದಿಲ್ಲ. ಆದರೆ ಈ ವರ್ಷ ಬೇಡ.

ಆರು ವರ್ಷದ ಬಿಡುವನ್ನು ಇಟ್ಟುಕೊಂಡು ನೇರವಾಗಿ ಅರ್ಜಿ ಹಾಕಿದರೆ ಕೊಲ್ಲಿಯವರು ಮೊದಲ ಪುಟದಲ್ಲೇ ಬದಿಗಿಡುತ್ತಾರೆ. ಮತ್ತೆ ವಾರ್ಡಿಗೆ ಹೋಗಿ. ಮನೆಯ ಹತ್ತಿರದ ಆಸ್ಪತ್ರೆಯಾದರೂ ಸರಿ, ನೇಮಕಾತಿ ಪತ್ರ ಕೊಡಬೇಕು, ಸಂಬಳ ಬ್ಯಾಂಕಿಗೆ ಹಾಕಬೇಕು, ಈ ಎರಡನ್ನು ಮೊದಲೇ ಕೇಳಿಕೊಳ್ಳಿ. ಅಭ್ಯಾಸ ತಪ್ಪಿದ ಕೈ ಮೊದಲ ವಾರ ಕ್ಯಾನುಲಾ ಹಾಕುವಾಗ ನಡುಗುತ್ತದೆ, ಆಮೇಲೆ ಸರಿಯಾಗುತ್ತದೆ. ಎರಡು ವರ್ಷ ದುಡಿಯುತ್ತಾ ಒಂದು ಪರೀಕ್ಷೆ ಬರೆಯಿರಿ. ಆಗ ಚಿಕ್ಕವನಿಗೆ ನಾಲ್ಕು ದಾಟಿರುತ್ತದೆ, ನಿಮಗೆ ಮೂವತ್ತೊಂಬತ್ತು. ಕೊಲ್ಲಿಯ ಕೆಲವು ನೇಮಕಾತಿಗಳಿಗೆ ವಯಸ್ಸಿನ ಮಿತಿ ಇರುತ್ತದೆ, ಇಂಗ್ಲೆಂಡ್, ಐರ್ಲೆಂಡಿನ ನೋಂದಣಿಗೆ ಇಲ್ಲ.

ಮಗುವಿನ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ, ತೀರ್ಮಾನ ನಿಮ್ಮದು. ಮಗನಿಗೆ ಹನ್ನೊಂದು ತಿಂಗಳಾದಾಗ ಅಮ್ಮನ ಕೈಯಲ್ಲಿಟ್ಟು ಸೌದಿಗೆ ಮರಳಿದೆ. ಒಂದೂವರೆ ವರ್ಷ ಬಿಟ್ಟು ರಜೆಯಲ್ಲಿ ಬಂದಾಗ ಅವನು ಜಗಲಿಯ ಕಂಬದ ಹಿಂದೆ ನಿಂತು ನನ್ನನ್ನು ನೋಡಿದ. ಅಮ್ಮನ ಸೆರಗು ಬಿಡಲಿಲ್ಲ. ನಾಲ್ಕನೆಯ ದಿನ ನಾನು ಬಡಿಸಿದ ಗಂಜಿ ಉಂಡ. ಆ ದುಡ್ಡಿನಲ್ಲಿ ಮನೆ ಎದ್ದಿತು, ತಮ್ಮನ ಓದು ಮುಗಿಯಿತು, ಅದೆಲ್ಲ ಸತ್ಯ. ಆ ನಾಲ್ಕು ದಿನವೂ ಸತ್ಯ.

ಇನ್ನು ನಿಮ್ಮ ಕಾಗದಗಳು. ಕರ್ನಾಟಕದ ನೋಂದಣಿಯ ಅವಧಿ ಮುಗಿದಿದೆ, ಎಲ್ಲಕ್ಕಿಂತ ಮೊದಲು ಅದನ್ನು ನವೀಕರಿಸಿ. ಕೇರಳದ ಆಸ್ಪತ್ರೆಯಲ್ಲಿ ಸೇರುವುದಾದರೆ ಕೇರಳ ಕೌನ್ಸಿಲಿನ ನೋಂದಣಿಯೂ ಬೇಕು. ಮೂರನೆಯ ವರ್ಷದ ಅಂಕಪಟ್ಟಿಯ ಮೂಲೆ ನೀರು ಬಿದ್ದು ಮಾಸಿದೆ, ಇನ್ನೊಂದು ಪ್ರತಿಗೆ ಅರ್ಜಿ ಹಾಕಿ. ಮತ್ತೆ ತಂಗಿ, ನೀವು ಲಕೋಟೆಯಲ್ಲಿ ನನಗೆ ಕಳುಹಿಸಿದ್ದು ನಕಲುಗಳಲ್ಲ, ಏಳೂ ಅಸಲು. ಪ್ಲಾಸ್ಟಿಕ್ ಹೊದಿಕೆ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು, ಇವತ್ತೇ ನೀರ್ಚಾಲು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ವಿಳಾಸಕ್ಕೆ ಹಿಂದಿರುಗಿಸುತ್ತಿದ್ದೇನೆ. ಏಳನ್ನೂ ಎಣಿಸಿಕೊಂಡು, ತಲುಪಿತು ಎಂದು ಒಂದು ಸಾಲು ಬರೆಯಿರಿ.